ಬಿಚ್ಚದೆ ಬದಲಿಸುವ ಬುದ್ಧಿವಂತಿಕೆ

ಹಳೆಯ ಕಾರು ಇಟ್ಟುಕೊಂಡವರಿಗೆ ಪುಕ್ಕಟೆ ಸಲಹೆಗೆ ಬರವಿಲ್ಲ. ಅವುಗಳಲ್ಲಿ ಒಂದಂತೂ ಈಚೆಗೆ ಯಾರೂ ಪ್ರಶ್ನಿಸದಷ್ಟು ಗಟ್ಟಿಯಾಗಿ ಬೇರುಬಿಟ್ಟಿದೆ. ಹಿಂದಿನ ಆಕ್ಸಲ್ ಸದ್ದು ಮಾಡತೊಡಗಿತೋ, ಅದನ್ನು ಬಿಚ್ಚಿಸುವ ಉಸಾಬರಿಗೆ ಹೋಗಬೇಡಿ, ಗುಜರಿಯಿಂದ ಹೌಸಿಂಗ್ ಸಮೇತ ಇನ್ನೊಂದನ್ನು ತಂದು ಹಾಕಿಸಿಬಿಡಿ ಎನ್ನುವುದು ಆ ಸಲಹೆ. ಅಗ್ಗ, ಒಂದೇ ದಿನದ ಕೆಲಸ, ತಲೆನೋವಿಲ್ಲ. "ಸಾರ್, ಕ್ರೌನ್ ಪಿನಿಯನ್ ಸೆಟ್ಟಿಂಗ್ ಮಾಡೋರು ಈಗ ಯಾರಿದಾರೆ? ಬಿಚ್ಚಿದ್ರೆ ಮುಗೀತು ಕಥೆ. ಶಿವಾಜಿನಗರದಲ್ಲಿ ಒಳ್ಳೆ ಮಾಲ್ ಬಂದಿದೆ, ಇಡೀದೇ ಹಾಕ್ಬಿಡೋಣ" ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಾಲೀಕರು ತಲೆಯಾಡಿಸುತ್ತಾರೆ. ಹಳೆ ಕಾರಿನ ಹುಚ್ಚಿರುವವರು ಸೇರಿದಲ್ಲೂ ಇದನ್ನೇ ಅನುಭವದ ಮಾತೆಂಬಂತೆ ದಾಟಿಸುತ್ತಾರೆ.

ಈ ಸಲಹೆ ಯಾವಾಗಲೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಬರುವ ಹೊತ್ತು ತಪ್ಪು. ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡುವ ಮೊದಲೇ, ಎಣ್ಣೆಯ ಬೋಲ್ಟು ಬಿಚ್ಚುವ ಮೊದಲೇ, ತೀರ್ಪು ಬಂದಿರುತ್ತದೆ. ಆಕ್ಸಲ್ ಎಂದರೆ ಒಂದು ವಸ್ತು, ಅದು ಒಟ್ಟಿಗೇ ಸವೆಯುತ್ತದೆ, ಆದ್ದರಿಂದ ಒಟ್ಟಿಗೇ ಬದಲಾಗಬೇಕು ಎಂಬ ಭಾವನೆ ಇದರ ಹಿಂದಿದೆ. ಆ ಭಾವನೆಯೊಂದಿಗೇ ನನ್ನ ಜಗಳ.

ಉದಾಹರಣೆಗೆ ಅಂಬಾಸಡರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಮಾಲೆಯ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಲು ತೊಡಗಿದ ಈ ಕಾರಿಗೆ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಕಮಾನು ಪಟ್ಟಿಗಳ ಮೇಲೆ ಕುಳಿತ ಗಟ್ಟಿ ಹೌಸಿಂಗ್, ಅದರ ಹೊಟ್ಟೆಯಲ್ಲಿ ಡಿಫರೆನ್ಷಿಯಲ್, ಎರಡು ಬದಿಗೆ ಆಕ್ಸಲ್ ಶಾಫ್ಟುಗಳು, ತುದಿಗೆ ಹಬ್ಬು ಮತ್ತು ಡ್ರಮ್ಮು. ಒಳಗೆ ಏನೇನು ಸವೆಯಬಹುದು ನೋಡಿ. ಚಕ್ರದ ಬೇರಿಂಗು, ಶಾಫ್ಟಿನ ತುದಿಯ ಹಲ್ಲುಗಾಲುವೆಗಳು, ಆಯಿಲ್ ಸೀಲು, ಪಿನಿಯನ್ನಿನ ಎರಡು ಬೇರಿಂಗು, ಡಿಫರೆನ್ಷಿಯಲ್ಲಿನ ಇಕ್ಕೆಲದ ಬೇರಿಂಗು, ಒಳಗಿನ ಪುಟ್ಟ ಗೇರುಗಳ ಹಿಂದಿರುವ ತೆಳು ವಾಷರುಗಳು, ಕಡೆಗೆ ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಗಳ ಜೋಡಿ. ಇವುಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಸೀಲು ಮತ್ತು ಬೇರಿಂಗು. ಕ್ರೌನ್ ಪಿನಿಯನ್ನಿನ ಸರದಿ ಬಲು ತಡವಾಗಿ ಬರುತ್ತದೆ. ಎಣ್ಣೆ ಬತ್ತಿಸಿ ಓಡಿಸಿದವರ ಕಾರಿನಲ್ಲಿ ಮಾತ್ರ ಬೇಗ.

ಇನ್ನು ಸದ್ದಿನ ವಿಚಾರ. 'ಆಕ್ಸಲ್ ಗುಂಯ್ಗುಡುತ್ತಿದೆ' ಎಂದು ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಆಕ್ಸಲ್ಲಿಗೆ ಸಂಬಂಧವೇ ಇಲ್ಲದವೂ ಇರುತ್ತವೆ. ಒರಟಾಗಿ ಸವೆದ ಟೈರು, ಅದರಲ್ಲೂ ರೀಟ್ರೆಡ್ ಮಾಡಿಸಿದ ಟೈರು, ಡಿಫರೆನ್ಷಿಯಲ್ಲಿನ ಹಾಗೆಯೇ ಊಳಿಡಬಲ್ಲದು. ಕಾಂಕ್ರೀಟು ರಸ್ತೆಯಿಂದ ಡಾಂಬರಿಗೆ ಇಳಿದಾಗ ದನಿ ಬದಲಾದರೆ ಅದು ಟೈರು. ಆಕ್ಸಲ್ಲಿನೊಳಗಿನ ಗೇರಿಗೆ ಕೆಳಗೆ ಡಾಂಬರಿದೆಯೋ ಕಾಂಕ್ರೀಟಿದೆಯೋ ಗೊತ್ತಾಗುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಕಾಲು ತೆಗೆದಾಗ ಇನ್ನೊಂದು ಸ್ವರ ಬಂದರೆ ಗೇರಿನ ಹಲ್ಲನ್ನು ಸಂಶಯಿಸಬೇಕು, ಏಕೆಂದರೆ ಎಳೆಯುವಾಗ ಹಲ್ಲಿನ ಒಂದು ಮೈ ಕೆಲಸ ಮಾಡುತ್ತದೆ, ಬಿಟ್ಟಾಗ ಮತ್ತೊಂದು ಮೈ. ಒತ್ತಿದರೂ ಬಿಟ್ಟರೂ ಒಂದೇ ಸಮ ಗೊರಗೊರ ಎಂದರೆ ಬೇರಿಂಗು. ಉದ್ದ ತಿರುವಿನಲ್ಲಿ ಎಡಕ್ಕೆ ಹೊರಳಿದಾಗ ಸದ್ದು ಹೆಚ್ಚಾಗಿ, ಬಲಕ್ಕೆ ಹೊರಳಿದಾಗ ಅಡಗಿದರೆ ಬಲಗಡೆಯ ಚಕ್ರದ ಬೇರಿಂಗು, ಏಕೆಂದರೆ ಎಡ ತಿರುವಿನಲ್ಲಿ ಭಾರವೆಲ್ಲ ಬಲಕ್ಕೆ ವಾಲುತ್ತದೆ. ಗೇರು ಹಾಕಿ ಕ್ಲಚ್ ಬಿಟ್ಟ ಕೂಡಲೇ ಹಿಂದಿನಿಂದ 'ಕಟಕ್' ಎಂದರೆ ಮೊದಲು ನೋಡಬೇಕಾದದ್ದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಅದು ಆಕ್ಸಲ್ಲಿನ ಭಾಗವೇ ಅಲ್ಲ. ಹಿಂಭಾಗ ಬಾಲ ಅಲ್ಲಾಡಿಸಿದಂತೆ ತೂಗಿದರೆ ಕಮಾನು ಪಟ್ಟಿಯ ಬುಷ್ಷು.

ಇಷ್ಟನ್ನು ಕಂಡುಹಿಡಿಯಲು ಯಂತ್ರವೇನೂ ಬೇಡ. ಖಾಲಿ ರಸ್ತೆ, ಮುಚ್ಚಿದ ಕಿಟಕಿ, ಬಾಯಿ ಮುಚ್ಚಿಕೊಂಡು ಕೂರುವ ಒಬ್ಬ ಸಹಪ್ರಯಾಣಿಕ ಇದ್ದರೆ ಸಾಕು. ಕೊನೆಯದು ಸಿಗುವುದೇ ಕಷ್ಟ.

ಬ್ರೇಕ್ ಡ್ರಮ್ಮಿಗೆ ಎಣ್ಣೆ ಇಳಿಯುವ ಕಾರುಗಳದು ಇನ್ನೂ ವಿಚಿತ್ರ ಪಾಡು. ಸೀಲು ಬದಲಿಸುತ್ತಾರೆ, ಮತ್ತೆ ಸೋರುತ್ತದೆ. ಮತ್ತೆ ಬದಲಿಸುತ್ತಾರೆ, ಮತ್ತೂ ಸೋರುತ್ತದೆ. ಮೂರನೇ ಸಲಕ್ಕೆ 'ಹೌಸಿಂಗೇ ಹೋಗಿದೆ' ಎಂಬ ತೀರ್ಮಾನ. ಹೌಸಿಂಗಿನ ಮೇಲೆ ಉಸಿರಾಟಕ್ಕೆಂದು ಒಂದು ಸಣ್ಣ ಬ್ರೀದರ್ ಇರುತ್ತದೆ. ಕೆಸರು ಮೆತ್ತಿ ಅದು ಕಟ್ಟಿಕೊಂಡರೆ, ಓಡಿದಂತೆ ಕಾಯುವ ಎಣ್ಣೆಯ ಮೇಲಿನ ಗಾಳಿ ಹಿಗ್ಗಿ, ದಾರಿ ಕಾಣದೆ ಸೀಲನ್ನೇ ತಳ್ಳುತ್ತದೆ. ತಂತಿಯ ಚೂರೊಂದರಿಂದ ಆ ರಂಧ್ರ ಬಿಡಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಆಕ್ಸಲ್ ಇಳಿಸುವುದುಂಟು. ಮಲೆನಾಡಿನಲ್ಲಿ ಇದರ ಉಲ್ಟಾ ಪ್ರಸಂಗವೂ ನಡೆಯುತ್ತದೆ. ಓಡಿ ಕಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸಿಕ್ಕ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಕಾರಣ ಅದೇ. ಆಗ ಆಗಬೇಕಾದದ್ದು ಎಣ್ಣೆ ಬದಲಾವಣೆ, ಅದೂ ಆ ವಾರದಲ್ಲೇ.

ಮಾರುತಿ 800ರ ಮಾಲೀಕರಿಗೂ ಯಾರಾದರೂ ಈ 'ಇಡೀ ಆಕ್ಸಲ್' ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗಬಹುದು. 1983ರ ಕೊನೆಗೆ ಬಂದ ಆ ಕಾರಿನಲ್ಲಿ ಚಾಲನೆ ಮುಂದಿನ ಚಕ್ರಗಳಿಗೆ. ಹಿಂದೆ ಡಿಫರೆನ್ಷಿಯಲ್ಲೂ ಇಲ್ಲ, ಕ್ರೌನೂ ಇಲ್ಲ. ಅಲ್ಲಿ ಸದ್ದು ಮಾಡಲು ಇರುವುದು ಚಕ್ರದ ಬೇರಿಂಗು, ಬ್ರೇಕು, ಅಷ್ಟೇ.

ಹಾಗಾದರೆ ಇಡಿಯಾಗಿ ಬದಲಿಸುವ ಪದ್ಧತಿ ಎಲ್ಲಿಂದ ಬಂತು? ಬಸ್ ಡಿಪೊಗಳಿಂದ ಎಂಬುದು ನನ್ನ ಊಹೆ. ಅಲ್ಲಿ ಅದು ಸರಿಯಾದ ಪದ್ಧತಿಯೂ ಹೌದು. ಬಸ್ಸು ಒಂದು ದಿನ ನಿಂತರೆ ಒಂದು ರೂಟು ತಪ್ಪುತ್ತದೆ, ಸಂಜೆಯ ಬಸ್ಸಿಗೆ ಕಾದ ಊರೊಂದು ಶಾಪ ಹಾಕುತ್ತದೆ. ಹಾಗಾಗಿ ಕೆಟ್ಟ ಎಂಜಿನ್, ಗೇರ್ ಬಾಕ್ಸ್, ಆಕ್ಸಲ್ ಮುಂತಾದವನ್ನು ಇಡಿಯಾಗಿ ಇಳಿಸಿ, ಸಿದ್ಧವಿರುವ ಇನ್ನೊಂದನ್ನು ಏರಿಸಿ ಬಸ್ಸನ್ನು ಕಳಿಸುತ್ತಾರೆ. ಇಳಿಸಿದ್ದು ಕೆಂಗೇರಿಯಲ್ಲೋ ಹಾಸನದಲ್ಲೋ ಇರುವ ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರದಂಥ ಕಡೆ ಬಿಚ್ಚಿಸಿಕೊಂಡು, ಸವೆದದ್ದನ್ನು ಕಳಚಿ ಹೊಸದನ್ನು ತೊಟ್ಟು, ಮತ್ತೆ ಇನ್ಯಾವುದೋ ಬಸ್ಸಿಗೆ ಏರಲು ಕಾಯುತ್ತದೆ. ಅಂದರೆ ಅಲ್ಲಿ ಬದಲಾವಣೆಯ ಬೆನ್ನಿಗೇ ರಿಪೇರಿ ನಿಂತಿದೆ. ರಿಪೇರಿ ಆಗುವುದು ಬಸ್ಸಿನ ಕೆಳಗಲ್ಲ, ಬೇರೆ ಕಡೆ ಎನ್ನುವುದಷ್ಟೇ ವ್ಯತ್ಯಾಸ.

ಗುಜರಿಯಲ್ಲಿ ಆ ಎರಡನೇ ಅರ್ಧವೇ ಇಲ್ಲ. ಅಲ್ಲಿ ಸಿಗುವ ಆಕ್ಸಲನ್ನು ಯಾರೂ ಬಿಚ್ಚಿಲ್ಲ, ಅಳೆದಿಲ್ಲ. ನೀರು ಹೊಡೆದು ಕರಿ ಬಣ್ಣ ಬಳಿದಿರುತ್ತಾರೆ, ಅದೇ ಅದರ ರೀಕಂಡೀಷನ್. ಯಾವ ಕಾರಿನದು, ಎಷ್ಟು ಓಡಿದೆ, ಎಣ್ಣೆ ಇತ್ತೋ ಇಲ್ಲವೋ, ಆ ಕಾರು ಗುಜರಿಗೆ ಬಂದದ್ದಾದರೂ ಏಕೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ಅಂದಮೇಲೆ ಇಂದು ಸಿಗುವ ಅತ್ಯಂತ ಎಳೆಯ ಅಂಬಾಸಡರ್ ಆಕ್ಸಲ್ಲಿಗೂ ಹತ್ತು ವರ್ಷ ದಾಟಿದೆ. ಇವುಗಳಲ್ಲಿ ಟ್ಯಾಕ್ಸಿಯಾಗಿ ಹಗಲು ರಾತ್ರಿ ದುಡಿದವೂ ಇರುತ್ತವೆ. ನಿಮ್ಮ ಕಾರಿನ ಗೊತ್ತಿರುವ ಸವೆತವನ್ನು ಕೊಟ್ಟು, ಇನ್ನೊಬ್ಬರ ಗೊತ್ತಿಲ್ಲದ ಸವೆತವನ್ನು ದುಡ್ಡು ತೆತ್ತು ತರುವ ವ್ಯವಹಾರ ಇದು.

ಅದಕ್ಕಿಂತ ಆಳದ ಮಾತೊಂದಿದೆ, ಗೇರುಗಳದು. ಅಂಬಾಸಡರಿನ ಕ್ರೌನ್ ಪಿನಿಯನ್ ಹೈಪಾಯ್ಡ್ ಜಾತಿಯದು. ಇದರಲ್ಲಿ ಪಿನಿಯನ್ನಿನ ಅಕ್ಷ ಕ್ರೌನಿನ ನಡುಗೆರೆಗೆ ನೇರವಾಗಿರದೆ ತುಸು ಕೆಳಗಿರುತ್ತದೆ. ಅಮೆರಿಕದ ಗ್ಲೀಸನ್ ಕಂಪನಿ ರೂಪಿಸಿದ ಈ ಗೇರು 1926ರಲ್ಲಿ ಪ್ಯಾಕಾರ್ಡ್ ಕಾರಿಗೆ ಬಂದದ್ದೇ, ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳಿದು ಕಾರಿನ ನೆಲವೂ ತಗ್ಗಿತು. ಆದರೆ ಇದಕ್ಕೊಂದು ಬೆಲೆಯಿದೆ. ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತವೆ. ಅದಕ್ಕೇ ಇವಕ್ಕೆ ಸಾಮಾನ್ಯ ಎಣ್ಣೆ ಸಾಲದು, ಭಾರೀ ಒತ್ತಡ ತಡೆಯುವ ಇಪಿ ಎಣ್ಣೆ ಬೇಕು. ಅದಕ್ಕೇ ಕಾರ್ಖಾನೆಯಲ್ಲಿ ಒಂದು ಕ್ರೌನು ಒಂದು ಪಿನಿಯನ್ನನ್ನು ಒಟ್ಟಿಗೇ ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಜೋಡಿ ಗುರುತು ಕೆತ್ತುತ್ತಾರೆ. ಬೀಸುಕಲ್ಲಿನ ಮೇಲಿನದನ್ನು ಒಂದು ಮನೆಯಿಂದ, ಕೆಳಗಿನದನ್ನು ಇನ್ನೊಂದು ಮನೆಯಿಂದ ತಂದರೆ ಹಿಟ್ಟು ನುಣ್ಣಗಾಗದು.

ಹಲ್ಲಿನ ಎಣಿಕೆಯಲ್ಲೂ ಒಂದು ಜಾಣತನವಿದೆ. ಅಂಬಾಸಡರಿನ ಆಕ್ಸಲ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಮಾಲೆಯ ವಂಶದ್ದು. ಅದೇ ವಂಶದ ಆಕ್ಸಲ್ಲಿನಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೆ ಪಿನಿಯನ್ನಿನಲ್ಲಿ 10, ಕ್ರೌನಿನಲ್ಲಿ 43 ಹಲ್ಲು ಕೊಟ್ಟರು. ಬೇರೆ ಕಾರುಗಳಿಗೆ 9ಕ್ಕೆ 41, 8ಕ್ಕೆ 39 ಕೂಡ ಇದ್ದವು. ಈ ಜೋಡಿ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ 9ಕ್ಕೆ 41ರ ಜೋಡಿಯಲ್ಲಿ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ 41 ಹಲ್ಲುಗಳನ್ನೂ ಮುಟ್ಟಿದ ಮೇಲೆಯೇ ಮೊದಲಿನದಕ್ಕೆ ಮರಳುತ್ತದೆ. ಎಲ್ಲ ಹಲ್ಲುಗಳೂ ಎಲ್ಲ ಹಲ್ಲುಗಳೊಂದಿಗೆ ಒಗ್ಗಿ ಸಮನಾಗಿ ಸವೆಯುತ್ತವೆ. ಹಾಗೆ ದಶಕಗಳ ಕಾಲ ಒಗ್ಗಿದ ಜೋಡಿ ತುಸು ಸವೆದಿದ್ದರೂ ಸದ್ದಿಲ್ಲದೆ ಓಡುತ್ತಿದ್ದರೆ, ಬೇರಿಂಗಿನ ತಪ್ಪಿಗೆ ಅದನ್ನು ಗುಜರಿಗೆ ಕಳಿಸುವುದು ಶುದ್ಧ ದಂಡ.

ಇದೇ ಎಣಿಕೆಯಿಂದ ಇನ್ನೊಂದು ಎಡವಟ್ಟೂ ಹುಟ್ಟುತ್ತದೆ. ಹೊರಗಿನಿಂದ ತದ್ರೂಪಿಯಾದ ಎರಡು ಆಕ್ಸಲ್ಲುಗಳ ಒಳಗೆ ಹಲ್ಲಿನ ಅನುಪಾತ ಬೇರೆ ಇರಬಹುದು. 4.3 ಇದ್ದಲ್ಲಿ 4.875 ಬಂದು ಕೂತರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇಕಡ 13ರಷ್ಟು ಹೆಚ್ಚು ಸುತ್ತಬೇಕು. ಸ್ಪೀಡೋಮೀಟರಿನ ಕೇಬಲ್ಲು ಗೇರ್ ಬಾಕ್ಸಿನಿಂದ ಬರುವುದರಿಂದ ಅದೂ ಅಷ್ಟೇ ಹೆಚ್ಚು ತೋರಿಸುತ್ತದೆ. ಕಾರು ಏರಿನಲ್ಲಿ ಹುರುಪಾಗಿದೆ ಎಂದು ಮಾಲೀಕರಿಗೆ ಖುಷಿ, ಪೆಟ್ರೋಲು ಹಾಕಿಸುವಾಗ ಬೇಸರ. ತರುವ ಮೊದಲು ಪಿನಿಯನ್ನಿನ ಮೇಲೊಂದು, ಡ್ರಮ್ಮುಗಳ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದು, ಎರಡು ಡ್ರಮ್ಮನ್ನೂ ಜತೆಯಾಗಿ ಒಂದು ಸುತ್ತು ಸುತ್ತಿಸಿ ಪಿನಿಯನ್ ಎಷ್ಟು ಸುತ್ತಿತು ಎಂದು ಎಣಿಸಿದರೆ ಅನುಪಾತ ಗೊತ್ತಾಗುತ್ತದೆ. ಗುಜರಿಯಲ್ಲಿ ಹೀಗೆ ಎಣಿಸುವವರನ್ನು ನಾನಂತೂ ಕಂಡಿಲ್ಲ.

ಸಲಹೆ ಕೊಡುವವರ ಪರವಾದ ಬಲವಾದ ವಾದ ಒಂದೇ ಒಂದು. ಸೆಟ್ಟಿಂಗ್ ಮಾಡಬಲ್ಲವರು ಕಡಿಮೆ ಎನ್ನುವುದು. ಇದು ನಿಜ, ಇದನ್ನು ತಳ್ಳಿಹಾಕುವಂತಿಲ್ಲ. ಪಿನಿಯನ್ ಎಷ್ಟು ಒಳಗೆ ಕೂರಬೇಕು, ಅದರ ಬೇರಿಂಗುಗಳನ್ನು ಎಷ್ಟು ಬಿಗಿಯಬೇಕು, ಕ್ರೌನಿಗೂ ಪಿನಿಯನ್ನಿಗೂ ನಡುವೆ ಎಷ್ಟು ಪ್ಲೇ ಬಿಡಬೇಕು, ಎಲ್ಲಕ್ಕೂ ಲೆಕ್ಕವಿದೆ. ಆ ಪ್ಲೇ ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಐದನೇ ಒಂದು ಭಾಗದ ಆಸುಪಾಸಿನದು. ಕೈಯಲ್ಲಿ ಅಲ್ಲಾಡಿಸಿ 'ಸರಿಯಾಗಿದೆ' ಎನ್ನುವ ಬಾಬತ್ತಲ್ಲ. ಡಯಲ್ ಗೇಜ್ ಬೇಕು, ನಾನಾ ದಪ್ಪದ ಶಿಮ್ಮುಗಳು ಬೇಕು, ಹಲ್ಲಿಗೆ ಬಣ್ಣ ಸವರಿ ತಿರುಗಿಸಿ, ಮಚ್ಚೆ ಹಲ್ಲಿನ ನಡುವೆ ಬಿದ್ದಿದೆಯೋ ತುದಿಗೆ ಸರಿದಿದೆಯೋ ಎಂದು ನೋಡಿ, ಒಂದು ಶಿಮ್ ತೆಗೆದು ಇನ್ನೊಂದು ಇಟ್ಟು ಮತ್ತೆ ನೋಡುವ ತಾಳ್ಮೆ ಬೇಕು. ಅರ್ಧ ದಿನ ಕೆಲಸ ಮಾಡಿಯೂ ಏನೂ ಮಾಡದವರಂತೆ ಕಾಣುವ ಕೆಲಸವಿದು. ಮಾಲೀಕರು ಇದಕ್ಕೆ ಕೂಲಿ ಕೊಡಲು ಮೀನಮೇಷ ಎಣಿಸುತ್ತಾರೆ. ಅದೇ ಮಾಲೀಕರು ಗುಜರಿಯ ಕಬ್ಬಿಣಕ್ಕೆ ಮರುಮಾತಿಲ್ಲದೆ ದುಡ್ಡು ಎಣಿಸುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ತೂಕವಿದೆ. ಮಾಡಬಲ್ಲವರು ಕಡಿಮೆಯಾಗಿರುವುದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ. ಕಸುಬುದಾರರಿಲ್ಲ ಎಂದು ಕೊರಗುವವರು ಕಸುಬಿಗೆ ಕಾಸು ಬಿಚ್ಚಿದ್ದಾರೋ ಎಂದು ಕೇಳಿಕೊಳ್ಳಬೇಕು.

'ಪಾರ್ಟ್ಸ್ ಸಿಗಲ್ಲ' ಎಂಬ ವಾದ ಮಾತ್ರ ಅಷ್ಟು ಗಟ್ಟಿಯದಲ್ಲ. ಕ್ರೌನ್ ಪಿನಿಯನ್ ಹೊಸದು ಸಿಗುವುದು ಕಷ್ಟ, ಒಪ್ಪೋಣ. ಆದರೆ ಬೇರಿಂಗನ್ನು ಕಾರಿನ ಹೆಸರು ಹೇಳಿ ಕೊಳ್ಳಬೇಕಾಗಿಲ್ಲ. ಅದರ ಉಂಗುರದ ಮೇಲೆ ನಂಬರು ಕೆತ್ತಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬೇರಿಂಗು ಅಂಗಡಿಯವರಿಗೆ ನಿಮ್ಮದು ಅಂಬಾಸಡರೋ ಹಿಟ್ಟಿನ ಗಿರಣಿಯೋ ಎಂಬುದು ಬೇಕಿಲ್ಲ, ನಂಬರು ಸಾಕು. ನಂಬರು ಅಳಿಸಿದ್ದರೆ ಒಳವ್ಯಾಸ, ಹೊರವ್ಯಾಸ, ಅಗಲ ಅಳೆದು ಹೇಳಿದರೂ ಆಯಿತು. ಸೀಲಿಗೂ ಇದೇ ಮಾತು. ಒಂದೇ ಎಚ್ಚರ, ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ಬರುವ ನಕಲಿ ಬೇರಿಂಗು. ಅರ್ಧ ಬೆಲೆಗೆ ಸಿಕ್ಕಿತು ಎಂದು ಬೀಗುವ ಬದಲು ಬಿಲ್ಲು ಕೇಳಬೇಕು.

ಇನ್ನು ನಡುದಾರಿಯ ಪಂಡಿತರಿದ್ದಾರೆ. ಅವರು ರಿಪೇರಿಯನ್ನೂ ಹೇಳುವುದಿಲ್ಲ, ಬದಲಾವಣೆಯನ್ನೂ ಹೇಳುವುದಿಲ್ಲ. 90ರ ಎಣ್ಣೆ ತೆಗೆದು 140 ಹಾಕಿ, ಸದ್ದು ನಿಲ್ಲುತ್ತದೆ ಎನ್ನುತ್ತಾರೆ. ನಿಲ್ಲಬಹುದು, ಸ್ವಲ್ಪ ಕಾಲ. ದಪ್ಪ ಎಣ್ಣೆ ಸದ್ದನ್ನು ನುಂಗುತ್ತದೆಯೇ ಹೊರತು ಸವೆತವನ್ನಲ್ಲ. ಚಳಿಯ ಬೆಳಗ್ಗೆ ಅದು ಪಿನಿಯನ್ನಿನ ಮುಂದಿನ ಬೇರಿಂಗನ್ನು ತಲಪುವುದೂ ತಡ. ಹಿಂದೆ ಹಳೆ ಕಾರು ಮಾರುವ ದಲ್ಲಾಳಿಗಳು ಇದೇ ಉದ್ದೇಶಕ್ಕೆ ಡಿಫರೆನ್ಷಿಯಲ್ಲಿಗೆ ಮರದ ಹೊಟ್ಟು ತುಂಬುತ್ತಿದ್ದರು. ಅವರು ಮೋಸ ಮಾಡುತ್ತಿದ್ದುದು ಗಿರಾಕಿಗೆ. 140 ಹಾಕಿಸಿಕೊಳ್ಳುವ ಮಾಲೀಕ ಮೋಸ ಮಾಡುವುದು ತನಗೇ.

ಹಾಗೆಂದು ರಿಪೇರಿಯೇ ಪರಮ ಎಂದು ಭಜನೆ ಮಾಡುವವರ ಸಾಲಿಗೂ ನನ್ನನ್ನು ಸೇರಿಸಬೇಡಿ. ಹಳೆಯ ಕಬ್ಬಿಣವೇ ಶ್ರೇಷ್ಠ, ಅದಕ್ಕೆ ಸಾವಿಲ್ಲ ಎಂಬ ಭಕ್ತಿಯೂ ಅಷ್ಟೇ ಕುರುಡು. ಗೇರಿನ ಹಲ್ಲಿಗೆ ಗಡಸುತನ ಇರುವುದು ಮೇಲ್ಮೈಯ ತೆಳು ಪದರದಲ್ಲಿ ಮಾತ್ರ, ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು. ಒಳಗಿನದು ಪೆಟ್ಟು ತಾಳಲೆಂದು ಬೇಕೆಂದೇ ಮೆದುವಾಗಿಟ್ಟ ಉಕ್ಕು. ಆ ಮೇಲ್ಪದರ ಚಕ್ಕೆಯೆದ್ದು ಗುಳಿ ಬಿದ್ದರೆ ಯಾವ ಸೆಟ್ಟಿಂಗೂ ಯಾವ ಎಣ್ಣೆಯೂ ಅದನ್ನು ಉಳಿಸದು. ವೆಲ್ಡ್ ಮಾಡಿ ಅರದಿಂದ ಉಜ್ಜಿದ ಹಲ್ಲನ್ನು ನಂಬಿ ಘಾಟಿ ಇಳಿಯಬಾರದು. ಹೌಸಿಂಗ್ ಬಾಗಿದ್ದರೆ, ಕಮಾನು ಪಟ್ಟಿ ಕೂರುವ ಜಾಗದಲ್ಲಿ ಬಿರುಕು ಬಿಟ್ಟಿದ್ದರೆ, ಕರಾವಳಿಯ ಉಪ್ಪುಗಾಳಿಗೆ ತುಕ್ಕು ತಿಂದು ತೆಳುವಾಗಿದ್ದರೆ ಇಡಿಯಾಗಿ ಬದಲಿಸುವುದೇ ಸರಿ. ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುವವರು ವಾರಗಟ್ಟಲೆ ಕಾರು ನಿಲ್ಲಿಸಲಾರದೆ ಗುಜರಿಯ ದಾರಿ ಹಿಡಿದರೆ ಅದನ್ನೂ ಆಕ್ಷೇಪಿಸಲಾರೆ. ಭಾನುವಾರಕ್ಕೊಮ್ಮೆ ಹೊರಗೆ ತೆಗೆಯುವ ಕಾರಿಗೆ ಅಷ್ಟು ಅವಸರ ಏತಕ್ಕೆ ಎನ್ನುವುದು ನನ್ನ ಪ್ರಶ್ನೆ.

ಅವಸರ ನಿಜವಾಗಿ ಬೇಕಾದ ಕಡೆ ಜನ ನಿಧಾನಿಸುತ್ತಾರೆ ಎನ್ನುವುದೂ ನಿಜ. ಅಂಬಾಸಡರಿನಲ್ಲಿ ಹಬ್ಬಿನ ಬೇರಿಂಗು ಹೌಸಿಂಗಿನ ತುದಿಯ ಮೇಲೆಯೇ ಕೂತು ಕಾರಿನ ಭಾರ ಹೊರುತ್ತದೆ. ಆದ್ದರಿಂದ ಶಾಫ್ಟು ಕಟ್ ಆದರೂ ಕಾರು ನಿಲ್ಲುತ್ತದೆಯೇ ಹೊರತು ಚಕ್ರ ಕೂಡಲೇ ಕಳಚಿಕೊಳ್ಳುವುದಿಲ್ಲ. ಮಾರುತಿ ಓಮ್ನಿಯಂಥ ವಾಹನದಲ್ಲಿ ಹಾಗಲ್ಲ. ಅಲ್ಲಿ ಭಾರ ಹೊರುವುದೂ ಶಾಫ್ಟೇ, ಬೇರಿಂಗನ್ನು ಶಾಫ್ಟಿನ ಮೇಲೆ ಹಿಡಿದಿಡುವುದು ಒತ್ತಿ ಕೂರಿಸಿದ ಒಂದು ಉಂಗುರ. ಗೊರಗೊರ ಸದ್ದನ್ನು ತಿಂಗಳುಗಟ್ಟಲೆ ಅಲಕ್ಷಿಸಿದರೆ ಶಾಫ್ಟು ಚಕ್ರದ ಸಮೇತ ಹೊರಗೆ ಜಾರಬಹುದು. ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡಾಡುವ ಎಷ್ಟೋ ಓಮ್ನಿಗಳಲ್ಲಿ ಆ ಸದ್ದು ನನಗೆ ರಸ್ತೆ ಬದಿಗೇ ಕೇಳಿಸಿದೆ. ಆ ಉಂಗುರವನ್ನು ಪ್ರೆಸ್ಸಿನಲ್ಲಿ ಕೂರಿಸಬೇಕು, ಸುತ್ತಿಗೆಯಿಂದಲ್ಲ. ಒಮ್ಮೆ ಕತ್ತರಿಸಿ ತೆಗೆದದ್ದನ್ನು ಮತ್ತೆ ಹಾಕಬಾರದು. ಅಲ್ಲಿಯೂ ಬೇಕಾದದ್ದು ಇಡೀ ಆಕ್ಸಲ್ ಅಲ್ಲ, ಒಂದು ಬೇರಿಂಗು, ಒಂದು ಉಂಗುರ, ಒಂದು ಸೀಲು.

ಸಣ್ಣ ಊರಿನಲ್ಲಿದ್ದು, ಡಯಲ್ ಗೇಜ್ ಇರುವ ಗ್ಯಾರೇಜು ಹತ್ತಿರದಲ್ಲಿಲ್ಲ ಎನ್ನುವವರಿಗೆ ಅಂಬಾಸಡರಿನ ವಿನ್ಯಾಸವೇ ಒಂದು ಉಪಕಾರ ಮಾಡಿದೆ. ಇದರ ಡಿಫರೆನ್ಷಿಯಲ್ ಹೌಸಿಂಗಿಗೆ ಮುಂದಿನಿಂದ ಬೋಲ್ಟು ಹಾಕಿ ಕೂರಿಸಿದ್ದು. ಶಾಫ್ಟುಗಳನ್ನು ಎರಡೂ ಕಡೆ ಹೊರಗೆಳೆದು, ಪ್ರೊಪೆಲ್ಲರ್ ಬಿಚ್ಚಿ, ಸುತ್ತಲಿನ ನಟ್ಟುಗಳನ್ನು ಸಡಿಲಿಸಿದರೆ ಕ್ರೌನು, ಪಿನಿಯನ್ನು, ಬೇರಿಂಗು ಎಲ್ಲವೂ ಒಂದೇ ಗಡ್ಡೆಯಾಗಿ ಕೈಗೆ ಬರುತ್ತದೆ. ಹೌಸಿಂಗ್ ಕಾರಿನ ಕೆಳಗೇ ಇರುತ್ತದೆ, ಕಮಾನು ಪಟ್ಟಿ ಬಿಚ್ಚುವ ಗೋಜಿಲ್ಲ, ಕಾರನ್ನು ಎಲ್ಲಿಗೂ ಎಳೆದೊಯ್ಯಬೇಕಾಗಿಲ್ಲ. ಆ ಗಡ್ಡೆಯನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಲಗೇಜಿಗೆ ಹಾಕಿ ಬೆಂಗಳೂರಿಗೋ ಹುಬ್ಬಳ್ಳಿಗೋ ಒಯ್ದು, ಅಳೆಯಬಲ್ಲವರ ಮುಂದೆ ಇಟ್ಟು, ಹಲ್ಲಿನ ಮೇಲೆ ಬಣ್ಣ ಸವರಿಸಿ ಮಚ್ಚೆ ಎಲ್ಲಿ ಬಿತ್ತೆಂದು ಕಣ್ಣಾರೆ ನೋಡಬಹುದು. ಹಲ್ಲು ಸರಿಯಿದ್ದರೆ ಬೇರಿಂಗು ಹಾಕಿಸಿ ವಾಪಸು ತನ್ನಿ. ಹಲ್ಲು ಹೋಗಿದ್ದರೆ ಅಲ್ಲಿಂದಲೇ ಗುಜರಿಗೆ ಹೋಗಿ, ಜೋಡಿ ಗುರುತು ಎರಡರಲ್ಲೂ ಒಂದೇ ಇದೆಯೇ ಎಂದು ನೋಡಿ, ಹಲ್ಲು ಎಣಿಸಿ, ಅಂಥದೇ ಇನ್ನೊಂದು ಗಡ್ಡೆಯನ್ನು ಮಾತ್ರ ಕೊಂಡು, ಅದನ್ನೂ ಅದೇ ಮೇಜಿನ ಮೇಲೆ ಅಳೆಸಿ ತನ್ನಿ.